ಕಣ್ಣಿಗೆ ಕಾಣದ ಡ್ರಿಲ್ ಮಾಸ್ತರು: ಜಪಾನಿನ ರೇಡಿಯೋ ತೈಸೋ

(ಪಿಯಾನೋ ಸದ್ದು. ಪಾರ್ಕಿನಲ್ಲಿ ಅಜ್ಜ ಅಜ್ಜಿಯರು ಸಾಲಾಗಿ ನಿಂತಿದ್ದಾರೆ.)

ನಮಸ್ಕಾರ. ಈ ಪಾರ್ಕಿನಲ್ಲಿ ಏನೋ ಒಂದು ಇಲ್ಲ, ಗಮನಿಸಿದಿರಾ? ಡ್ರಿಲ್ ಮಾಸ್ತರು ಇಲ್ಲ. ಸೀಟಿಯೂ ಇಲ್ಲ. ಬೆಂಚಿನ ಮೇಲೆ ಒಂದು ರೇಡಿಯೋ ಇದೆ, ಅಷ್ಟೇ. ಅದು 'ಇಚಿ, ನಿ, ಸಾನ್, ಶಿ' ಎಂದು ಎಣಿಸುತ್ತದೆ, ಎಲ್ಲರ ಕೈಯೂ ಒಟ್ಟಿಗೆ ಮೇಲೇಳುತ್ತದೆ. ರೇಡಿಯೋದಲ್ಲಿ ಹಾಡು ಸರಿ, ವಾರ್ತೆ ಸರಿ. ಕಸರತ್ತನ್ನು ಹೇಗೆ ಕಲಿಸುತ್ತಾರೆ ಮಾರಾಯ್ರೆ?

ಮೊದಲು ಇತಿಹಾಸ ಬೇಗ ಮುಗಿಸಿಬಿಡೋಣ. ಜಪಾನಿನಲ್ಲಿ ರೇಡಿಯೋ ಶುರುವಾದದ್ದು 1925ರ ಮಾರ್ಚ್ 22ರಂದು, ಟೋಕಿಯೋದಲ್ಲಿ. 1928ರ ನವೆಂಬರ್ 1ಕ್ಕೆ ರೇಡಿಯೋ ತೈಸೋ ಬಂತು. ತೈಸೋ ಅಂದರೆ ವ್ಯಾಯಾಮ. ಹಿರೋಹಿಟೋ ಚಕ್ರವರ್ತಿಯ ಪಟ್ಟಾಭಿಷೇಕ ಅದಕ್ಕೊಂದು ನೆಪ.

ಆದರೆ ಐಡಿಯಾ ಯಾರದು? ವಿಮೆಯವರದು! ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ಎಂಬ ವಿಮಾ ಕಂಪನಿ 1925ರಲ್ಲೇ ರೇಡಿಯೋದಲ್ಲಿ ವ್ಯಾಯಾಮ ಮಾಡಿಸುತ್ತಿತ್ತು. ಜಪಾನಿನಲ್ಲಿ ಜೀವ ವಿಮೆ ಮಾರುತ್ತಿದ್ದ ಅಂಚೆ ಇಲಾಖೆ ಅದನ್ನು ನೋಡಿ ಕಲಿಯಿತು. ಲೆಕ್ಕ ಸರಳ. ಪಾಲಿಸಿ ಮಾಡಿಸಿದವರು ಗಟ್ಟಿಮುಟ್ಟಾಗಿ ಜಾಸ್ತಿ ವರ್ಷ ಬದುಕಿದರೆ ಕಂತು ಬರುತ್ತಲೇ ಇರುತ್ತದೆ, ಕ್ಲೇಮು ತಡವಾಗುತ್ತದೆ. ನಮ್ಮ ಎಲ್‌ಐಸಿ ಏಜೆಂಟರು ಬೆಳಗಾಗುತ್ತಲೇ ಬಾಗಿಲು ಬಡಿದು 'ಸಾರ್, ಸ್ವಲ್ಪ ಬಗ್ಗಿ, ಏಳಿ' ಅಂದ ಹಾಗೆ.

ಈಗ ನಮ್ಮ ಪ್ರಶ್ನೆ. ಶುರುವಿನಲ್ಲಿ ಚಿತ್ರ ಇರುವ ಹಾಳೆಗಳನ್ನು ಹಂಚಿದರು. ಆಮೇಲೆ ಶಾಲೆಗಳಲ್ಲಿ ಮಾಡಿಸಿದರು. ಆದರೆ ನನ್ನ ಪ್ರಕಾರ ನಿಜವಾದ ಮಾಸ್ತರು ಪಿಯಾನೋ.

(ಪಿಯಾನೋ ತುಣುಕು.)

ಈಗಿನ ಒಂದನೇ ತೈಸೋದಲ್ಲಿ 13 ಚಲನೆಗಳಿವೆ, ಮೂರು ನಿಮಿಷ ಚಿಲ್ಲರೆ. ಮೊದಲನೆಯದು ಕೈ ಎತ್ತಿ ಮೈ ಚಾಚುವುದು, ಕೊನೆಯದು ದೀರ್ಘ ಉಸಿರು. ನಡುವೆ ಜಿಗಿತವೂ ಬರುತ್ತದೆ. ಅಲ್ಲಿ ಸಂಗೀತವೇ ಪುಟಿಯತೊಡಗುತ್ತದೆ, ಕೇಳಿ. ಕಾಲು ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ಲಗ್ನದ ಮನೆಯಲ್ಲಿ ಗಟ್ಟಿಮೇಳ ಅಂದ ತಕ್ಷಣ ಕೈ ಅಕ್ಷತೆಗೆ ಹೋಗುತ್ತದಲ್ಲ, ಹಾಗೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ರಟ್ಟಿನ ಕಾರ್ಡು. ಬೇಸಿಗೆ ರಜೆ. ಮಗು ಅರ್ಧ ನಿದ್ದೆಯಲ್ಲಿದೆ, ಕೂದಲು ಕೆದರಿದೆ, ಕುತ್ತಿಗೆಗೆ ದಾರ ಕಟ್ಟಿದ ಕಾರ್ಡು ಜೋತಾಡುತ್ತಿದೆ. ಅದರಲ್ಲಿ ದಿನಕ್ಕೊಂದು ಚೌಕ. ವ್ಯಾಯಾಮ ಮುಗಿದ ಮೇಲೆ ಮಕ್ಕಳೆಲ್ಲ ಸಾಲು ನಿಲ್ಲುತ್ತಾರೆ, ಕೇರಿಯ ಹಿರಿಯರೊಬ್ಬರು ಠಪ್ ಅಂತ ಒಂದೊಂದು ಮೊಹರು ಒತ್ತುತ್ತಾರೆ. ರಜೆ ಮುಗಿಯುವಾಗ ಚೌಕ ತುಂಬಿಸಿದವರಿಗೆ ಪೆನ್ಸಿಲ್ಲೋ ನೋಟ್‌ಬುಕ್ಕೋ ಮಿಠಾಯಿಯೋ ಸಿಗುತ್ತದೆ. ಪೆನ್ಸಿಲ್ ಬಿಡಿ, ಖಾಲಿ ಚೌಕ ಒಂದಿದ್ದರೆ ಅದೇ ದೊಡ್ಡ ಅವಮಾನ. ರಜೆಯಲ್ಲಿ ಮಕ್ಕಳನ್ನು ಆರು ಗಂಟೆಗೆ ಎಬ್ಬಿಸಲು ಇದಕ್ಕಿಂತ ಅಗ್ಗದ ಉಪಾಯ ನಾನಂತೂ ಕಂಡಿಲ್ಲ. ಹೀಗೆ ಮಕ್ಕಳನ್ನು ಒಟ್ಟು ಸೇರಿಸುವುದನ್ನು 1930ರಲ್ಲಿ ಟೋಕಿಯೋದ ಕಾಂದಾದಲ್ಲಿ ಶುರು ಮಾಡಿದ್ದು ಒಬ್ಬ ಪೊಲೀಸಪ್ಪ. ಅಲ್ಲಿನ ಸಾಕುಮಾ ಪಾರ್ಕಿನಲ್ಲಿ ಅದರ ನೆನಪಿಗೆ ಕಲ್ಲು ನೆಟ್ಟಿದ್ದಾರೆ.

ಅಯ್ಯೋ, ಟೈಮ್ ಆಗೋಯ್ತು. ಉಳಿದದ್ದು ಓಡುತ್ತಾ ಹೇಳುತ್ತೇನೆ. ಯುದ್ಧದ ವರ್ಷಗಳಲ್ಲಿ ಇದೇ ವ್ಯಾಯಾಮ ಕವಾಯತಿನ ಬಣ್ಣ ಪಡೆಯಿತು, ಅದನ್ನು ಮುಚ್ಚಿಡುವ ಹಾಗಿಲ್ಲ. ಯುದ್ಧದಲ್ಲಿ ಜಪಾನ್ ಸೋತ ಮೇಲೆ ಅಲ್ಲಿ ಬೀಡುಬಿಟ್ಟ ಅಮೆರಿಕದ ಸೇನೆಯವರಿಗೆ ಒಂದೇ ದನಿಗೆ ಇಡೀ ದೇಶ ಕೈ ಎತ್ತುವುದು ಸರಿಕಾಣಲಿಲ್ಲ. 1947ರಲ್ಲಿ ನಿಂತೇಹೋಯಿತು. ಹೊಸ ಚಲನೆ, ಹೊಸ ಸಂಗೀತದೊಂದಿಗೆ 1951ರಲ್ಲಿ ಮರಳಿತು. ಮೇಲೆ ಹೇಳಿದ 13 ಚಲನೆಗಳು ಅವೇ. ಎರಡನೇ ತೈಸೋ 1952ರದ್ದು. 1999ರಲ್ಲಿ ಕುಳಿತೂ ಮಾಡಬಹುದಾದ ಇನ್ನೊಂದು ಬಂತು. ಪ್ರಾಂತ್ಯದ ಆಡುನುಡಿಯಲ್ಲಿ ಎಣಿಸುವ ಸಿಡಿಗಳೂ ಇವೆ. ಧಾರವಾಡ ಕನ್ನಡದಲ್ಲಿ 'ಲಗೂನ ಬಗ್ಗರಿ' ಅಂದರೆ ನಾನು ದಿನಾ ಮಾಡುತ್ತೇನೆ, ಆಣೆ.

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೋದಲ್ಲಿ ಇದು ಈಗಲೂ ಬೆಳಗ್ಗೆ 6:30ಕ್ಕೆ, ಹತ್ತು ನಿಮಿಷ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ 3 ಗಂಟೆ. ಮಲಗಿರಿ.