ಕೀಮೋ ಬೇಕೋ ಬ್ಯಾಡೋ: ಒಬ್ಬ ಗಣಿತ ಮಾಸ್ತರನ ಮಾತು

ಎಲ್ಲರಿಗೂ ಶರಣು ಶರಣಾರ್ಥಿ. ನಾ ಡಾಕ್ಟರ್ ಅಲ್ರಿ, ಹೈಸ್ಕೂಲಿನಾಗ ಗಣಿತ ಕಲಿಸಿ ರಿಟೈರ್ ಆದವ. ನಮ್ಮಣ್ಣಗ ಪಿತ್ತನಾಳದ ಕ್ಯಾನ್ಸರ್ ಆಗಿತ್ತು, ಗೊತ್ತಾಗೂದ್ರಾಗ ಲಿವರ್ ತುಂಬ ಹಬ್ಬಿತ್ತು, ಆಗ ಮನ್ಯಾಗ ಎದ್ದ ಪ್ರಶ್ನಿ ಒಂದೇ, ಕೀಮೋ ಮಾಡಸೂದೋ ಬಿಡೂದೋ. ಸಂಘದವ್ರು ಅದರ ಮ್ಯಾಲೇ ಮಾತಾಡ್ರಿ ಅಂದಾರ, ಮಾತಾಡ್ತೀನಿ, ನಡುವ ತಪ್ಪಿದ್ರ ಇಲ್ಲಿ ಕುಂತ ಡಾಕ್ಟರ್ ಮ್ಯಾಡಮ್ ತಿದ್ದಲಿ.

ಶುರು ಆಗಿದ್ದು ತುರಿಕಿಯಿಂದ. ರಾತ್ರಿಯೆಲ್ಲ ಮೈ ಕೆರ್ಕೋತಿದ್ದ, ತೊಗರಿಗಿ ಹೊಡದ ಎಣ್ಣಿ ಮೈಗಿ ಹತ್ತಿರ್ಬೇಕು ಅಂದ್ಕೊಂಡ್ವಿ. ಆಮ್ಯಾಲ ಕಣ್ಣು ಹಳದಿ ಆದ್ವು, ವೈನಿ ಒಗಿಯೋ ಬನಿಯನ್ನಿಗೂ ಹಳದಿ ಕಲಿ ಹೋಗವಲ್ದು. ಕಾಮಣಿ ಅಂತ ಊರ ಔಷಧ ಕುಡಿಸಿ, ಉಪ್ಪು ಎಣ್ಣಿ ಬಿಡಿಸಿ ಐದಾರು ವಾರ ಕಳದ್ವಿ. ನಾಳ ಕಟ್ಟಿದ್ರ ಮೊದ್ಲ ಸ್ಟೆಂಟ್ ಅನ್ನೋ ಸಣ್ಣ ಕೊಳವಿ ಹಾಕಿ ಪಿತ್ತ ಹರಿಯೋ ಹಂಗ ಮಾಡ್ಬೇಕು, ಮೈ ಹಳದಿ ಮಾಡೋ ಬಿಲಿರುಬಿನ್ ರಕ್ತದಾಗ ಇಳೀಬೇಕು, ಆಮ್ಯಾಲ ಕೀಮೋ ಮಾತು. ಇದು ನಮಗ ಭಾಳ ತಡಾ ಗೊತ್ತಾತು.

ಒಂದು ದೊಡ್ಡ ದವಾಖಾನ್ಯಾಗ, ಹೆಸರು ಬ್ಯಾಡ, ಫೈಲ್ ತಿರುವಿ "ಫೋರ್ತ್ ಸ್ಟೇಜ್, ಕೀಮೋ ಶುರು ಮಾಡೋಣ, ಕೌಂಟರ್‌ನಾಗ ರೊಕ್ಕ ಕಟ್ರಿ" ಅಂದ್ರು, ಎರಡು ನಿಮಿಷ ಆಗಿರ್ಲಿಕ್ಕಿಲ್ಲ. ಮನಿಗಿ ಬಂದ್ರ ಬೀಗರು ನೆಂಟರು ಎಲ್ಲಾ ಡಾಕ್ಟರೇ. ಒಬ್ಬ ಅಂತಾನ, ಯುವರಾಜ್ ಸಿಂಗ್ ಆರಾಮ ಆಗ್ಲಿಲ್ಲೇನು, 2011ರ ವರ್ಲ್ಡ್ ಕಪ್ ಆಡಿ 2012ರಾಗ ಅಮೆರಿಕಾಕ್ಕ ಹೋಗಿ ಕೀಮೋ ತಗೊಂಡು ಅದೇ ವರ್ಷ ಮತ್ತ ಟೀಮಿಗಿ ಬಂದ. ಇನ್ನೊಬ್ಬ, ಇರ್ಫಾನ್ ಖಾನ್ ಲಂಡನ್ನಿಗಿ ಹೋದ್ರೂ ಉಳೀಲಿಲ್ಲ, ಸುಮ್ನ ಹೊಲ ಯಾಕ ಮಾರ್ತೀರಿ ಅಂತಾನ. ಇಬ್ಬರ ಮಾತೂ ಖರೇನ, ಆದ್ರ ನಮ್ಮಣ್ಣನ ರೋಗಕ್ಕ ಎರಡೂ ಸಂಬಂಧ ಇಲ್ಲ. ಯುವರಾಜ್‌ಗ ಆಗಿದ್ದು ಜರ್ಮ್ ಸೆಲ್ ಜಾತಿದು, ಅಂದ್ರ ವೀರ್ಯ, ಅಂಡ ಆಗೋ ಮೂಲ ಜೀವಕೋಶದಿಂದ ಹುಟ್ಟೂದು, ಆ ಜಾತಿ ಹಬ್ಬಿದ್ರೂ ಎಷ್ಟೋ ಮಂದಿಗಿ ಕೀಮೋದಿಂದ ಪೂರಾ ವಾಸಿ ಆಗ್ತದ. ಇರ್ಫಾನ್‌ಗ ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದ್ರ ಹಾರ್ಮೋನ್ ಬಿಡೋ ಜೀವಕೋಶದಾಗ ಹುಟ್ಟೋ ಗಂಟು, ಅದರ ನಡಿಗಿನೇ ಬ್ಯಾರೆ. ಇನ್ನ ಜಠರ, ಕರುಳಿನಾಗ ಬರೋ ಜಿಸ್ಟ್ ಅಂತ ಒಂದು ಅದ, ಅದಕ್ಕ ಬಾಟ್ಲಿ ಕೀಮೋ ಏರಿಸಿದ್ರ ಉಪಯೋಗನೇ ಇಲ್ಲ ಅನ್ನೋ ಹಂಗ, ಇಮ್ಯಾಟಿನಿಬ್ ಅನ್ನೋ ಗುಳಿಗಿ ಭಾಳ ಮಂದಿಗಿ ಕೆಲಸ ಮಾಡ್ತದ. ಹಂಗಾಗಿ "ಲಾಸ್ಟ್ ಸ್ಟೇಜ್" ಅನ್ನೋ ಮಾತು ಕೇಳಿ ಅಳಾಕ ಕೂಡಬ್ಯಾಡ್ರಿ, ರೋಗದ ಪೂರಾ ಹೆಸರು ಕಾಗದದ ಮ್ಯಾಲ ಬರಸ್ಕೋರಿ. ಬಯಾಪ್ಸಿಗಂತ ತಗದ ತುಣುಕಿನ ಸ್ಲೈಡು, ಮೇಣದ ಬ್ಲಾಕು ನಿಮ್ಮವೇ, ಕೇಳಿ ತಗೊಂಡು ಇನ್ನೊಂದು ದೊಡ್ಡ ಲ್ಯಾಬಿನಾಗ ಓದಸ್ರಿ, ಅಪರೂಪದ ರೋಗ ಅಂದ್ರ ಕಂಡವ್ರೇ ಕಡಿಮಿ ನೋಡ್ರಿ.

ಈಗ ನನ್ನ ಸಬ್ಜೆಕ್ಟಿಗಿ ಬರ್ತೀನಿ, ಲೆಕ್ಕ. ಅಣ್ಣಗ ಹೇಳಿದ್ದು ಜೆಮ್‌ಸೈಟಬಿನ್ ಮತ್ತ ಸಿಸ್‌ಪ್ಲಾಟಿನ್, ಮೂರು ವಾರಕ್ಕೊಂದು ಸೈಕಲ್, ಅದರಾಗ ಮೊದಲ್ನೇ ದಿನ ಒಮ್ಮೆ ಎಂಟನೇ ದಿನ ಒಮ್ಮೆ. ಬ್ರಿಟನ್ನಿನವ್ರು 410 ಮಂದಿ ಮ್ಯಾಲ ನೋಡಿ 2010ರಾಗ ಪ್ರಕಟ ಮಾಡಿದ ಟ್ರಯಲ್ ಇದು: ಎರಡೂ ಔಷಧ ತಗೊಂಡವ್ರು ಬದುಕಿದ ಕಾಲದ ಮೀಡಿಯನ್ 11.7 ತಿಂಗಳು, ಜೆಮ್‌ಸೈಟಬಿನ್ ಒಂದೇ ತಗೊಂಡವ್ರದು 8.1. ಮೀಡಿಯನ್ ಅಂದ್ರ ಎಲ್ಲರಿಗೂ ಅಷ್ಟೇ ಅಂತಲ್ಲ, ಸಾಲಾಗಿ ನಿಲ್ಲಿಸಿದ್ರ ನಡುವಿನವನ ಲೆಕ್ಕ ಅದು, ಅರ್ಧ ಮಂದಿ ಅದಕ್ಕಿಂತ ಮೊದ್ಲ ಹೋಗ್ಯಾರ ಅರ್ಧ ಮಂದಿ ದಾಟ್ಯಾರ. ಸ್ಟೀಫನ್ ಜೇ ಗೌಲ್ಡ್ ಅಂತ ಅಮೆರಿಕಾದ ವಿಜ್ಞಾನಿ, 1982ರಾಗ ಮೀಸೋಥೀಲಿಯೋಮಾ, ಅಂದ್ರ ಹೊಟ್ಟಿ ಒಳಪದರದ ಕ್ಯಾನ್ಸರ್ ಆತು, ಪುಸ್ತಕದಾಗ ಮೀಡಿಯನ್ ಎಂಟು ತಿಂಗಳು ಅಂತ ಇತ್ತು, ಮನಷ್ಯಾ ಇನ್ನೂ 20 ವರ್ಷ ಬದುಕಿ ಬ್ಯಾರೆ ಕ್ಯಾನ್ಸರ್‌ನಿಂದ ಹೋದ. ಹಂಗಂತ ಅವ್ನ ಹೆಸರ್ಲೇ ಹೊಲ ಮಾರಬ್ಯಾಡ್ರಿ, ಮೀಡಿಯನ್ ದಾಟಿ ಬದುಕಿದವ್ರ ಸಾಲಿನ ಬಾಲ ಉದ್ದ ಇರ್ತದ ಖರೆ, ಅದರ ತುದ್ಯಾಗ ನಿಂತವ್ರು ಕಡಿಮಿ.

ಈ ಲೆಕ್ಕ ಎಲ್ಲಾ ನಾ ನೋಟ್‌ಬುಕ್ಕಿನಾಗ ಬರದು ಬರದು ಇಟ್ಟಿದ್ದೆ, ಅಣ್ಣನ ಮುಂದ ಮಾತ್ರ "ಲಿವರ್‌ನಾಗ ಸಣ್ಣ ಗಂಟು" ಅಂತ ಸುಳ್ಳು. ಒಂದಿನ ಕೀಮೋ ವಾರ್ಡಿನ ಬೋರ್ಡ್ ಓದಿ ನನ್ನ ಕಡಿ ನೋಡಿ ನಕ್ಕ, "ತಮ್ಮಾ, ನಾ ಏಳನೇತ್ತಾ ತನಕ ಕಲ್ತೀನಲೇ" ಅಂದ. ನಾಚಿಕಿ ಅಂದ್ರ ಅವತ್ತು. ಆಮ್ಯಾಲ ಕೇಳಿದೆ, ಅಣ್ಣಾ ನಿನಗೇನ್ ಬೇಕು. "ರಾಶಿ ಮುಗಿಯೋ ತನಕ ಕಾಲ ಮ್ಯಾಲ ನಿಂದ್ರಬೇಕು, ಸಾಲ ತೀರಿಸ್ಬೇಕು, ಹಾಸಿಗ್ಯಾಗ ಹೇಲೂದು ಉಚ್ಚೂದು ಬ್ಯಾಡ." ಇಷ್ಟೇ. ಇದನ್ನ ಡಾಕ್ಟರ್ ಮುಂದ ಹೇಳಿದ್ ಮ್ಯಾಲ ಮಾತೇ ಬದಲಾತು, ಇನ್ನೂ ಓಡ್ಯಾಡ್ತಾನ, ದಿನದಾಗ ಮಲಗೂದು ಕಡಿಮಿ, ಕಿಡ್ನಿ ಚಲೋ ಅದ, ಎರಡು ಮೂರು ಸೈಕಲ್ ಕೊಟ್ಟು ಸ್ಕ್ಯಾನ್ ಮಾಡೋಣ, ಕೆಲಸ ಮಾಡ್ಲಿಲ್ಲಂದ್ರ ನಿಲ್ಲಸೋಣ ಅಂದ್ರು. ನಿಲ್ಲಸಾಕ ಬರ್ತದ ಅನ್ನೋದೇ ನಮಗ ಗೊತ್ತಿರ್ಲಿಲ್ಲ.

ವಾಂತಿ ಹೆದರಿಸಿದಷ್ಟು ಆಗ್ಲಿಲ್ಲ, ಅದಕ್ಕ ಈಗ ಚಲೋ ಗುಳಿಗಿ ಅದಾವ. ಕೂದಲಾ ತೆಳ್ಳಗಾದ್ವು, ಪೂರಾ ಹೋಗ್ಲಿಲ್ಲ. ಅಂಗಾಲು ಜೋಮು, ಕಿವ್ಯಾಗ ಗುಂಯ್ ಅನ್ನೂದು, ರೊಟ್ಟಿ ಕಬ್ಬಿಣ ತಿಂದಂಗ ಆಗೂದು, ಇವು ಕಾಡಿದ್ವು. ಜ್ವರ 100.4 ದಾಟಿದ್ರ ರಾತ್ರಿ ಎರಡಾಗ್ಲಿ, ಕ್ರೋಸಿನ್ ನುಂಗಿ ಮಲಗಬ್ಯಾಡ್ರಿ, ದವಾಖಾನಿಗಿ ಹೋಗ್ರಿ. ಎಳ್ಳ ಅಮಾಸಿ ಬಾಟ್ಲಿ ಏರಸೋ ಎಂಟನೇ ದಿನಕ್ಕೇ ಬಂತು, ಕೇಳಿದ್ವಿ, ಎರಡ ದಿನ ಮುಂದ ಹಾಕಿದ್ರು. ಹೊಲದಾಗ ಚರಗ ಚೆಲ್ಲಿ ಭಜ್ಜಿ ಸಜ್ಜಿ ರೊಟ್ಟಿ ಎರಡೇ ತುತ್ತು ತಿಂದ. ಇನ್ನೊಂದು, ಪ್ಲ್ಯಾನ್ ದೊಡ್ಡ ಊರಾಗ ಬರಸ್ಕೊಂಡು ಬಾಟ್ಲಿ ಇಲ್ಲೇ ಏರಿಸ್ಕೋಬಹುದೇನು ಅಂತ ಕೇಳ್ರಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ದವಾಖಾನಿ ಶಾಖೆ ಕಲಬುರಗ್ಯಾಗೇ ಅದ.

ಎರಡನೇ ಸ್ಕ್ಯಾನಿನಾಗ ಗಂಟು ದೊಡ್ಡದಾಗಿತ್ತು. ಹೈದರಾಬಾದದಿಂದ ಬರೂ ಮುಂದ ಹುಮನಾಬಾದ್ ಬಸ್ ಸ್ಟ್ಯಾಂಡಿನಾಗ ಚಾ ಕುಡಕೋತ "ತಮ್ಮಾ, ಇನ್ನ ಸಾಕ ಮಾಡೋಣು" ಅಂದ, ತೊಗರಿ ರಾಶಿ ಆಗಿತ್ತು. ನಾ ಒಂದು ವಾರ ಮಾತು ಬಿಟ್ಟಿದ್ದೆ, ಈಗ ಹೇಳಾಕ ಸಂಕಟ ಆಗ್ತದ. ಆಮ್ಯಾಲ ಮಾರ್ಫಿನ್ ಗುಳಿಗಿ, ನಾಲ್ಕ ತಾಸಿಗೊಮ್ಮೆ, ವೈನಿ ಕ್ಯಾಲೆಂಡರಿನ ಹಿಂದ ಗೆರಿ ಹಾಕಿ ಲೆಕ್ಕ ಇಡ್ತಿದ್ರು. ಮಾರ್ಫಿನ್ ಕೊಟ್ರ ಬೇಗ ಸಾಯ್ತಾರ ಅಂತ ನಮ್ಮ ಓಣ್ಯಾಗ ಗುಲ್ಲು, ಡಾಕ್ಟರ್ ಹೇಳಿದ ಅಳತ್ಯಾಗ ಕೊಟ್ರ ಹಂಗೇನಿಲ್ಲ, ನೋವು ನಿಂತು ನಿದ್ದಿ ಬರ್ತದ, ಜೊತಿಗಿ ಹೊಟ್ಟಿ ಸಾಫ್ ಆಗೋ ಔಷಧ ಮಾತ್ರ ಬರಸ್ಕೊಳ್ಳಾಕ ಮರೀಬ್ಯಾಡ್ರಿ. ಈ ಪ್ಯಾಲಿಯೇಟಿವ್, ಅಂದ್ರ ನೋವು ಸಂಕಟ ಕಡಿಮಿ ಮಾಡೋ ಡಾಕ್ಟರ್‌ನ ನಾವು ಕಡೀಕ ಹುಡಕಿದ್ವಿ, ಮೊದಲ್ನೇ ಬಾಟ್ಲಿ ಏರೋ ದಿನನೇ ಭೆಟ್ಟಿ ಆಗಬೇಕಿತ್ತು, ಕೀಮೋ ನಡದಾಗೂ ಅವ್ರ ಕೆಲಸ ಇರ್ತದ.

ಟೈಮ್ ಆತು ಅಂತ ಕೈ ಮಾಡಾಕತ್ಯಾರ. ಪ್ರಶ್ನಿ ಇದ್ರ ಕೇಳ್ರಿ, ಔಷಧದ್ದು ಮ್ಯಾಡಮ್‌ಗ, ಲೆಕ್ಕದ್ದು ನನಗ.