ಬೊಗಸೆಗೆ ಹೊಯ್ದ ನೀರು

ಕೇಳುಗರಿಗೆ ನಮಸ್ಕಾರ.

ನಮ್ಮಜ್ಜಿ ಒಳ್ಳೆಯವರು. ಕಳೆ ಕೀಳಲು ಬಂದ ಹೆಣ್ಣಾಳುಗಳಿಗೆ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಹಾಕುತ್ತಿದ್ದರು. ಆದರೆ ನೀರು ಕೇಳಿದರೆ ಚೊಂಬನ್ನು ಕೈಗೆ ಕೊಡುತ್ತಿರಲಿಲ್ಲ. ಮೊಳದೆತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ನೀರು ಮೊಣಕೈಗೆ ಇಳಿದು ಸೆರಗು ನೆನೆಯುತ್ತಿತ್ತು. ಅಜ್ಜಿಯ ಮುಖದಲ್ಲಿ ದ್ವೇಷ ಇರಲಿಲ್ಲ. ಕುಡಿಯುವವರ ಮುಖ ನನಗೆ ಕಾಣುತ್ತಿರಲಿಲ್ಲ, ಅವರು ಬಗ್ಗಿರುತ್ತಿದ್ದರು.

ಜಾತಿಗಳ ನಡುವೆ ಯಾಕಿಷ್ಟು ಬಿರುಕು ಅಂದರೆ ನಾವು ಥಟ್ಟನೆ ದ್ವೇಷ ಅಂದುಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಬರುವುದು ದೂರ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಬಾವಿ ಬೇರೆ, ಸ್ಮಶಾನವೂ ಬೇರೆ. ಹೊಲ ಒಬ್ಬರದು, ಅದರಲ್ಲಿ ಬೆವರು ಇನ್ನೊಬ್ಬರದು. ಇದು ಹೀಗೇ ನಡೆಯುವವರೆಗೂ 'ನಮ್ಮೂರಲ್ಲಿ ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದೇವೆ' ಅನ್ನುತ್ತೇವೆ. ಯಾರಾದರೂ ಗೆರೆ ದಾಟಲಿ, ಸಿಟ್ಟು ಆಗ ಹೊರಗೆ ಬರುತ್ತದೆ.

1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅಲ್ಲಿನ ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದು ಆಗಲೇ ವರ್ಷಗಳಾಗಿದ್ದವು. ಆದರೂ ಜೊತೆಗೆ ಬಂದವರಿಗೆ ಏಟು ಬಿತ್ತು. ಆಮೇಲೆ 108 ಮಡಕೆ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಹಳೇ ಕಾಲದ ಕಥೆ ಅಂದುಕೊಂಡಿರಾ? 2022ರ ನವೆಂಬರ್‌ನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬರು ತೊಂಬೆ ನೀರು ಕುಡಿದರು. ಮದುವೆಗೆಂದು ಬಂದಿದ್ದವರು, ಬಾಯಾರಿತ್ತು. ಅವರು ಕುಡಿದರೆಂದು ತೊಂಬೆಯ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ತೊಳೆದ ಸುದ್ದಿ ಬಂತು. ನಡುವೆ ತೊಂಬತ್ತೈದು ವರ್ಷ. ಸಂವಿಧಾನ ಬಂದಿತ್ತು, ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ ಬಂದಿತ್ತು, ಅದನ್ನು ಆಚರಿಸಿದವರಿಗೆ ಶಿಕ್ಷೆ ಅಂದ 1955ರ ಕಾಯ್ದೆ ಬಂದಿತ್ತು.

ನೀರಿನದು ಕಣ್ಣಿಗೆ ಕಾಣುವ ಗೆರೆ. ಕಾಣದ ಗೆರೆಯನ್ನು ಅಂಬೇಡ್ಕರ್ 1916ರಲ್ಲೇ ತೋರಿಸಿದ್ದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ತಮ್ಮತಮ್ಮೊಳಗೇ ಮದುವೆ ಮಾಡಿಕೊಳ್ಳುವುದೇ ಜಾತಿಯ ಜೀವ ಅಂದರು. ನಮ್ಮ ಕಲ್ಯಾಣದ ಕಥೆಯೂ ಅದೇ ಅಲ್ವಾ? ಶರಣರು ಕೂಡಿ ಕೂತರು, ಕೂಡಿ ಉಂಡರು. ಅಲ್ಲಿಯವರೆಗೂ ಹೇಗೋ ನಡೆಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು ನೋಡಿ, ಇಬ್ಬರು ಅಪ್ಪಂದಿರನ್ನೂ ಕೊಂದರು.

ನಮ್ಮ ಮನೆಯಲ್ಲಿ ಈಗ ಆಳುಕಾಳು ಎಲ್ಲರಿಗೂ ಲೋಟದಲ್ಲೇ ನೀರು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಹೋದ ವರ್ಷ ತಂಗಿಯ ಮಗಳು ಊರಿಗೆ ಬಂದಿದ್ದಾಗ, ತನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನ ಹೆಸರು ಹೇಳಿದಳು. ಅವನನ್ನೇ ಮದುವೆ ಆಗ್ತೀನಿ ಅಂದಳು. ಹುಡುಗ ಹೇಗೆ, ಏನು ಓದಿದ್ದಾನೆ, ಯಾವುದನ್ನೂ ಕೇಳಲಿಲ್ಲ. 'ಯಾವ ಜನ?' ಅಂತ ಕೇಳಿದೆ. ಕೇಳಿದ್ದು ಅವಳ ಅಪ್ಪ ಅಮ್ಮ ಅಲ್ಲ, ನಾನು. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದಳು.

ನಮಸ್ಕಾರ.