ಭುಜ ಕೂರಿಸಿದ ಮೇಲೆ ಶುರುವಾಗುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಭುಜದ ಕೀಲು ಜಾರಿದವರ ಬಗ್ಗೆ. ಮಳೆಯಲ್ಲಿ ಬೈಕ್ ಸ್ಕಿಡ್ ಆಗಿ ಕೈಯೂರಿ ಬಿದ್ದವರು, ಕಬಡ್ಡಿಯಲ್ಲಿ ರೈಡ್‌ಗೆ ಹೋಗಿ ಕೈ ಎಳೆಸಿಕೊಂಡವರು, ಬಚ್ಚಲಲ್ಲಿ ಕಾಲು ಜಾರಿದ ಹಿರಿಯರು, ಎಲ್ಲ ಥರದವರೂ ಫಿಸಿಯೋಥೆರಪಿಗೆ ಬರುತ್ತಾರೆ. ನಮ್ಮ ಮೈಯ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ಜಾರುವುದು ಭುಜವೇ.

ಊರ ಹಬ್ಬದಲ್ಲಿ ನಿಂಬೆಹಣ್ಣು-ಚಮಚದ ಓಟ ನೋಡಿದ್ದೀರಲ್ವಾ? ಭುಜದ ರಚನೆ ಹೆಚ್ಚುಕಡಿಮೆ ಹಾಗೇ. ತೋಳಿನ ಮೂಳೆಯ ತುದಿ ದುಂಡಗೆ, ದೊಡ್ಡದಾಗಿದೆ. ಅದು ಕೂರುವ ಗುಳಿ ಮಾತ್ರ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈಯನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ಸುಲಭವಾಗಿ ಜಾರುವುದೂ ಅದಕ್ಕೇ. ಗುಳಿಯ ಸುತ್ತ ಮೆದುವಾದ ಒಂದು ಅಂಚಿದೆ, ಕೀಲಿನ ಮೇಲೆ ಒಂದು ಚೀಲದಂಥ ಹೊದಿಕೆಯಿದೆ, ಅದರ ಸುತ್ತ ನಾಲ್ಕು ಸ್ನಾಯುಗಳಿವೆ. ಭುಜವನ್ನು ಹಿಡಿದಿಟ್ಟಿರುವುದು ಇವೇ. ಮೂಳೆ ಹೊರಗೆ ಬರುವಾಗ ಇವುಗಳಲ್ಲಿ ಯಾವುದೋ ಒಂದು ಹರಿಯುತ್ತದೆ, ಇಲ್ಲವೇ ಸಡಿಲವಾಗುತ್ತದೆ. ಆಸ್ಪತ್ರೆಯಲ್ಲಿ ಮೂಳೆಯನ್ನು ಕೂರಿಸಲು ಕೆಲವು ನಿಮಿಷ ಸಾಕು. ಕೂತ ಕೂಡಲೇ ನೋವು ಅರ್ಧಕ್ಕರ್ಧ ಇಳಿಯುತ್ತದೆ. ಎಕ್ಸ್‌ರೇಯಲ್ಲೂ ಎಲ್ಲ ಸರಿ ಕಾಣುತ್ತದೆ. ಜನ ಮೋಸಹೋಗುವುದು ಇಲ್ಲೇ. ಹರಿದ ಅಂಚು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಮೊದಲ ಗಂಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಭುಜದ ದುಂಡು ಹೋಗಿ ಚಪ್ಪಟೆಯಾಗಿ ಕಾಣುತ್ತಿದ್ದರೆ, ಪೆಟ್ಟಾದವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೇ ಇದ್ದರೆ, ಕೀಲು ಜಾರಿರಬಹುದು. ಮೈದಾನದಲ್ಲಿ ಯಾರೋ ಒಬ್ಬರು "ಬಿಡಿ, ನಾನು ಎಳೆದು ಕೂರಿಸುತ್ತೇನೆ" ಎಂದು ಮುಂದೆ ಬರುವುದುಂಟು. ದಯವಿಟ್ಟು ಬಿಡಬೇಡಿ. ಮೂಳೆ ಮುರಿದಿದ್ದರೆ ಎಳೆದಾಗ ಅದು ಇನ್ನಷ್ಟು ಸರಿಯುತ್ತದೆ. ಕಂಕುಳಿನ ಹತ್ತಿರ ಹಾಯುವ ನರಕ್ಕೂ ಪೆಟ್ಟಾಗಬಹುದು. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ಟವೆಲ್ಲೋ ದುಪಟ್ಟಾವೋ ಜೋಳಿಗೆಯ ಹಾಗೆ ಕತ್ತಿಗೆ ಕಟ್ಟಿ ಕೈಗೆ ಆಸರೆ ಕೊಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಟೀ-ತಿಂಡಿ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ಇನ್ನೊಂದು ಮಾತು. ಫಿಟ್ಸ್ ಬಂದಾಗ, ಕರೆಂಟ್ ಹೊಡೆದಾಗ ಭುಜ ಹಿಂದಕ್ಕೆ ಜಾರಬಹುದು. ಇದು ಅಪರೂಪ, ನೂರರಲ್ಲಿ 95 ಸಲ ಅದು ಜಾರುವುದು ಮುಂದಕ್ಕೇ. ಹಿಂದಕ್ಕೆ ಜಾರಿದ್ದು ಒಂದೇ ಕೋನದ ಎಕ್ಸ್‌ರೇಯಲ್ಲಿ ತಪ್ಪಿಹೋಗುವುದುಂಟು. ಅಂಥ ಘಟನೆಯ ನಂತರ ಕೈಯನ್ನು ಹೊರಕ್ಕೆ ತಿರುಗಿಸಲು ಆಗುತ್ತಿಲ್ಲ ಎಂದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಭುಜ ಕೂರಿಸುವ ವಿದ್ಯೆ ಹೊಸದೇನಲ್ಲ. ಕಂಕುಳಿಗೆ ಒನಕೆ ಕೊಟ್ಟು ಭುಜವನ್ನು ಎತ್ತಬೇಕು, ಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕದ ಆಕಾರದಲ್ಲಿ ಕಟ್ಟು ಹಾಕಬೇಕು ಎಂದು ಸುಶ್ರುತ ಸಂಹಿತೆಯಲ್ಲಿದೆ. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನಲ್ಲಿ ಬಂದ ವಿಧಾನದಲ್ಲಿ ವೈದ್ಯ ತನ್ನ ಹಿಮ್ಮಡಿಯನ್ನೇ ಕಂಕುಳಿಗೆ ಒತ್ತಿ ಕೈ ಎಳೆಯುತ್ತಿದ್ದ. ಈಗ ಅಷ್ಟು ಬಲ ಹಾಕುವುದಿಲ್ಲ. ನೋವಿಗೆ ಔಷಧ ಕೊಟ್ಟು, ಸ್ನಾಯು ಸಡಿಲವಾದ ಮೇಲೆ ನಿಧಾನವಾಗಿ ಕೂರಿಸುತ್ತಾರೆ. ಕೂರಿಸಿದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. ಸುಮ್ನೆ ದುಡ್ಡಿಗೆ ಅಂದುಕೊಳ್ಳಬೇಡಿ, ಅದು ಬೇಕು. ತೋಳಿನ ಮೇಲ್ಭಾಗದ ಹೊರಮೈ ಜೋಮು ಹಿಡಿದ ಹಾಗಿದ್ದರೆ ಆಗಲೇ ತಿಳಿಸಿ. ನರಕ್ಕೆ ಪೆಟ್ಟಾದ ಗುರುತು ಅದು. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಆದರೂ ಅದರ ಮೇಲೆ ಕಣ್ಣಿಡಬೇಕು.

ಈಗ ಜೋಳಿಗೆಯ ವಿಷಯ, ಅಂದರೆ ಕತ್ತಿಗೆ ನೇತುಹಾಕುವ ಆರ್ಮ್ ಸ್ಲಿಂಗ್. ಎಷ್ಟು ದಿನ ಹಾಕಬೇಕು? ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಇಪ್ಪತ್ತರ ಹುಡುಗನಿಗೆ ಸಾಮಾನ್ಯವಾಗಿ ಎರಡು-ಮೂರು ವಾರ ಹೇಳುತ್ತಾರೆ. ಅರವತ್ತರ ಅಜ್ಜಿಗೆ ಒಂದು ವಾರದ ಆಸುಪಾಸು ಸಾಕಾಗಬಹುದು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ಉಲ್ಟಾ. ಹುಡುಗ ನಾಲ್ಕನೇ ದಿನಕ್ಕೆ ಕಿತ್ತೆಸೆದು ಬೈಕ್ ಹತ್ತುತ್ತಾನೆ. ಅಜ್ಜಿಗೆ "ನೀವು ಕೈ ಆಡಿಸಲೇಬೇಡಿ ಅಜ್ಜಿ" ಎಂದು ಪ್ರೀತಿಯಿಂದ ಎರಡು ತಿಂಗಳು ಕಟ್ಟಿ ಕೂರಿಸುತ್ತಾರೆ. ವಯಸ್ಸಾದವರ ಭುಜ ಮತ್ತೆ ಜಾರುವುದು ಕಡಿಮೆ. ಅವರಿಗೆ ಕಾಡುವುದು ಬಿಗಿತ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಜಾಸ್ತಿ. ಆಮೇಲೆ ತಲೆ ಬಾಚಲು, ಸೆರಗು ಹೊದೆಯಲು ಕೈ ಮೇಲೇಳುವುದಿಲ್ಲ. ನಲವತ್ತು ದಾಟಿದವರಲ್ಲಿ ಸ್ನಾಯುವಿನ ತಂತು ಹರಿದಿರುವ ಸಾಧ್ಯತೆಯೂ ಇದೆ. ಎರಡು-ಮೂರು ವಾರ ಕಳೆದರೂ ಕೈಯನ್ನು ಸ್ವಂತ ಬಲದಿಂದ ಎತ್ತಲಾಗದಿದ್ದರೆ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಜೋಳಿಗೆ ಇದ್ದರೂ ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡುತ್ತಿರಲಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮುಂದೆ ಗುಂಡಿಯಿರುವ ಅಂಗಿ, ಮುಂದೆ ಹುಕ್ ಇರುವ ರವಿಕೆ ಅನುಕೂಲ. ಸ್ನಾನದಲ್ಲಿ ಕಂಕುಳು ತೊಳೆಯಲು ಕೈ ಎತ್ತಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ, ಕೈ ತಾನಾಗಿ ಇಳಿಬಿದ್ದು ಜಾಗ ಸಿಗುತ್ತದೆ. ರಾತ್ರಿ ಅಂಗಾತ ಮಲಗಿ, ಮೊಣಕೈ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ಮೊದಲ ಕೆಲವು ರಾತ್ರಿ ನಿದ್ದೆ ಕಷ್ಟವೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ವ್ಯಾಯಾಮ ಶುರುವಾಗುವುದು ಬಹಳ ಸಣ್ಣದರಿಂದ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಬಾಗಿ, ಪೆಟ್ಟಾದ ಕೈಯನ್ನು ಇಳಿಬಿಟ್ಟು ಮೆಲ್ಲಗೆ ತೂಗುವುದು. ಆಮೇಲೆ ಗೋಡೆಯ ಮೇಲೆ ಬೆರಳುಗಳಿಂದ ಹತ್ತುವುದು. ನಂತರ ಮೊಣಕೈ ಮಡಿಸಿ ಪಕ್ಕೆಗೆ ಅಂಟಿಸಿ, ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಒತ್ತುವುದು, ಇನ್ನೊಮ್ಮೆ ಅಂಗೈಯ ಹಿಂಭಾಗದಿಂದ ಒತ್ತುವುದು. ಕೈ ಅಲುಗುವುದಿಲ್ಲ, ಒಳಗಿನ ಸ್ನಾಯು ಮಾತ್ರ ಬಿಗಿಯುತ್ತದೆ. ಸುಮಾರು ಆರು ವಾರದ ಹೊತ್ತಿಗೆ ರಬ್ಬರ್ ಬ್ಯಾಂಡ್ ಬರುತ್ತದೆ. ಯಾವುದು ಯಾವಾಗ ಎನ್ನುವುದನ್ನು ನಿಮ್ಮ ಭುಜ ನೋಡಿದವರೇ ಹೇಳಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿ ಮೂರನೇ ವಾರಕ್ಕೆ ಪುಷ್‌ಅಪ್ ಹೊಡೆಯುವವರಿದ್ದಾರೆ. ಅವರ ಉತ್ಸಾಹ ದೊಡ್ಡದು, ಭುಜಕ್ಕೆ ಅದು ಗೊತ್ತಾಗಬೇಕಲ್ಲ!

ಒಂದು ಭಂಗಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಕೈಯನ್ನು ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿಸುವುದು, ಕಲ್ಲು ಬೀಸುವಾಗ ಹೇಗೆ ಎತ್ತುತ್ತೇವೋ ಹಾಗೆ. ಭುಜ ಮುಂದಕ್ಕೆ ಜಾರುವುದು ಇದೇ ಭಂಗಿಯಲ್ಲಿ. ಬಸ್ಸಿನಲ್ಲಿ ನಿಂತು ಮೇಲಿನ ಸರಳು ಹಿಡಿದಾಗಲೂ ಹೆಚ್ಚುಕಡಿಮೆ ಇದೇ ಭಂಗಿ, ಡ್ರೈವರ್ ಬ್ರೇಕ್ ಹಾಕಿದರೆ ಇಡೀ ಮೈಯ ಭಾರ ಆ ಕೀಲಿನ ಮೇಲೆ. ಮೊದಲ ಆರು ವಾರ ಸೀಟು ಕೇಳಿ ಕೂರಿ, ಸಂಕೋಚ ಬೇಡ. ಕಾರಿನ ಮುಂದಿನ ಸೀಟಿನಲ್ಲಿ ಕೂತು ಹಿಂದಿನ ಸೀಟಿನ ಬ್ಯಾಗಿಗೆ ಕೈ ಚಾಚುವುದೂ ಅಷ್ಟೇ ಅಪಾಯ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಎತ್ತುವುದನ್ನು ಮೂರು ತಿಂಗಳ ಮಟ್ಟಿಗೆ ಮನೆಯ ಬೇರೆಯವರಿಗೆ ಬಿಡಿ.

ಆಡುವ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: ಯಾವಾಗ ಮೈದಾನಕ್ಕೆ ಇಳಿಯಬಹುದು? ಶ್ರೇಯಸ್ ಅಯ್ಯರ್ ನೆನಪಿರಬಹುದು. 2021ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಡೈವ್ ಹೊಡೆದು ಎಡ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಐಪಿಎಲ್‌ಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ದಿನವಿಡೀ ಜೊತೆಯಲ್ಲೇ ಫಿಸಿಯೋ ಇರುವ ಆಟಗಾರನಿಗೇ ಅಷ್ಟು ತಿಂಗಳು ಬೇಕಾಯಿತು. ಶಸ್ತ್ರಚಿಕಿತ್ಸೆ ಇಲ್ಲದಿದ್ದರೂ ಕಬಡ್ಡಿ, ಕುಸ್ತಿಯಂಥ ಮೈಗೆ ಮೈ ತಾಗುವ ಆಟಕ್ಕೆ ಮೂರು-ನಾಲ್ಕು ತಿಂಗಳು ಹಿಡಿಯುತ್ತದೆ. ಕ್ಯಾಲೆಂಡರ್ ನೋಡಿ ಇಳಿಯಬೇಡಿ. ಎರಡೂ ಕೈಯ ಬಲ ಸಮವಾಗಿರಬೇಕು, ಕಲ್ಲು ಬೀಸುವ ಆ ಭಂಗಿಯಲ್ಲಿ ಅಂಜಿಕೆ ಆಗಬಾರದು.

ಇಷ್ಟೆಲ್ಲ ಮಾಡಿದರೂ ಮತ್ತೆ ಜಾರಬಹುದಾ? ಜಾರಬಹುದು. ಮೊದಲ ಸಲ ಇಪ್ಪತ್ತರ ಒಳಗೆ ಜಾರಿದ್ದರೆ, ಆಟವೂ ಮುಂದುವರಿದರೆ, ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಜಾರುತ್ತದೆ. ಪ್ರತಿ ಸಲವೂ ಗುಳಿಯ ಅಂಚು, ಮೂಳೆಯ ತಲೆ ಒಂದಿಷ್ಟು ಸವೆಯುತ್ತವೆ. ಕೊನೆಗೆ ನಿದ್ದೆಯಲ್ಲಿ ಮಗ್ಗುಲಾದರೂ ಜಾರುವ ಸ್ಥಿತಿ ಬರಬಹುದು. "ನನಗೆ ರೂಢಿಯಾಗಿದೆ, ನಾನೇ ಕೂರಿಸಿಕೊಳ್ಳುತ್ತೇನೆ" ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಅದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ಎರಡನೇ ಸಲ ಜಾರಿದರೆ ಮೂಳೆ ತಜ್ಞರ ಹತ್ತಿರ ಎಂಆರ್‌ಐ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ ಕೂತು ಮಾತಾಡಿ. ಹರಿದ ಅಂಚನ್ನು ಸಣ್ಣ ರಂಧ್ರಗಳ ಮೂಲಕವೇ ಮತ್ತೆ ಮೂಳೆಗೆ ಹೊಲಿಯುತ್ತಾರೆ. ಅದಾದ ಮೇಲೂ ಜೋಳಿಗೆ, ತೂಗುವುದು, ಗೋಡೆ ಹತ್ತುವುದು ಎಲ್ಲ ಮೊದಲಿನಿಂದ. ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೂ, ಮೊದಲ ಸಲ ಯಾವಾಗ, ಹೇಗೆ ಜಾರಿತು ಎಂಬುದನ್ನು ಬರೆದ ಚೀಟಿಯನ್ನೂ ತೆಗೆದುಕೊಂಡು ಹೋಗಿ. ನಮಸ್ಕಾರ.